ನಾಲ್ಕನೇ ಜ್ವರ ಎದ್ದ ಮೇಲೆ: ಆಜೀವ ಪಥ್ಯಕ್ಕೊಂದು ಶಾಸ್ತ್ರೀಯ ಮಾರ್ಗದರ್ಶಿ

ತೂಕ ಇಳಿಸುವ ವಿಚಾರದಲ್ಲಿ ಮಾತಾಡಲು ನನಗಿರುವ ಅರ್ಹತೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ವೈದ್ಯನಲ್ಲ, ಡಯಟಿಷಿಯನ್ನೂ ಅಲ್ಲ. ರೇಷ್ಮೆ ಹುಳಕ್ಕೆ ಯಾವ ಹೊತ್ತಿಗೆ ಎಷ್ಟು ಸೊಪ್ಪು ಹಾಕಬೇಕೆಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ರೈತರಿಗೆ ತಿಳಿಹೇಳುತ್ತಾ, ಅವರು ಕೇಳದೇ ಇದ್ದುದನ್ನು ಕಡತದಲ್ಲಿ ದಾಖಲಿಸುತ್ತಾ ಸರ್ವಿಸ್ ಮುಗಿಸಿದವನು. ನಿವೃತ್ತಿಯ ನಂತರ ಮನುಷ್ಯರ ಕಡೆ ತಿರುಗಿದ್ದೇನೆ. ಕೆಲಸದಲ್ಲಿ ಹೆಚ್ಚು ವ್ಯತ್ಯಾಸ ಕಂಡಿಲ್ಲ. ಹುಳ ಎದುರು ಮಾತಾಡುತ್ತಿರಲಿಲ್ಲ, ಅಷ್ಟೆ.

ಜೀವನಪೂರ್ತಿ ಒಂದೇ ಪಥ್ಯ ಹಿಡಿದು ಬಾಳಲು ಸಾಧ್ಯವೇ ಎಂದು ಈಗ ಎಲ್ಲರೂ ಕೇಳುತ್ತಾರೆ. ಹುಳ ಇದಕ್ಕೆ ಉತ್ತರ ಕೊಟ್ಟು ಸಾವಿರಾರು ವರ್ಷವಾಯಿತು. ಮೊಟ್ಟೆ ಒಡೆದು ಬಂದ ಗಳಿಗೆಯಿಂದ ಅದು ತಿನ್ನುವುದು ಹಿಪ್ಪುನೇರಳೆ ಸೊಪ್ಪು ಒಂದನ್ನೇ. ಉಪ್ಪಿಲ್ಲ, ಎಣ್ಣೆಯಿಲ್ಲ, ಸಕ್ಕರೆಯಿಲ್ಲ, ಮೈದಾ ಮುಟ್ಟುವುದಿಲ್ಲ. ಯಾರ ಗೃಹಪ್ರವೇಶಕ್ಕೂ ಹೋಗುವುದಿಲ್ಲ. ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರವೆಂದರೆ ಪೊರೆ ಬಿಡುವ ಹೊತ್ತು. ಆಗ ಹೆಚ್ಚುಕಡಿಮೆ ಒಂದು ದಿನ ಬಾಯಿ ಕಟ್ಟಿ ತಲೆ ಎತ್ತಿಕೊಂಡು ಕದಲದೆ ಇರುತ್ತದೆ. ಬೆಂಗಳೂರಿನವರು ಹದಿನಾರು ಗಂಟೆ ಉಪವಾಸ ಮಾಡಿ ಊರಿಗೆಲ್ಲ ಸಾರುತ್ತಾರೆ. ಹುಳ ಅದಕ್ಕಿಂತ ಹೆಚ್ಚು ಹೊತ್ತು ಕೂತರೂ ಪಕ್ಕದ ಹುಳಕ್ಕೆ ಹೇಳುವುದಿಲ್ಲ. ಇಷ್ಟೆಲ್ಲ ಶಿಸ್ತಿನ ಫಲವಾಗಿ ಇಪ್ಪತ್ತೈದು ದಿನ ಚಿಲ್ಲರೆಯಲ್ಲಿ ಅದರ ತೂಕ ಹುಟ್ಟಿದಾಗ ಇದ್ದುದರ ಸುಮಾರು ಹತ್ತು ಸಾವಿರ ಪಟ್ಟು ಆಗಿರುತ್ತದೆ. ಬರೀ ಸೊಪ್ಪು, ನಡುನಡುವೆ ಉಪವಾಸ ಎಂಬ ಪದ್ಧತಿಯನ್ನು ದುಡ್ಡಿಗೆ ಮಾರುವವರು ಈ ಅಂಕಿಯನ್ನು ಯಾಕೋ ಜಾಹೀರಾತಿನಲ್ಲಿ ಹಾಕುವುದಿಲ್ಲ.

ಇದರಲ್ಲಿ ಗಮನಿಸಬೇಕಾದ ಘಟ್ಟ ನಾಲ್ಕನೇ ಜ್ವರ ಎದ್ದ ಮೇಲಿನದು. ಹುಳ ತನ್ನ ಆಯಸ್ಸಿನಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ ಎಂಬತ್ತಕ್ಕೂ ಮೀರಿದ ಪಾಲನ್ನು ಈ ಕೊನೆಯ ವಾರದಲ್ಲೇ ಮುಗಿಸುತ್ತದೆ. ರಾತ್ರಿ ಹುಳದ ಮನೆಯ ಬಾಗಿಲು ಎಳೆದು ಕತ್ತಲಲ್ಲಿ ನಿಂತರೆ ಹೆಂಚಿನ ಮೇಲೆ ಸೋನೆ ಹಿಡಿದಂತೆ ಸದ್ದು; ಅಷ್ಟೂ ಮೇಯುವ ಸದ್ದು. ಕಡ್ಡಿ ಸೊಪ್ಪು ಹಾಕಿ ಕೈ ಕೊಡವುವಷ್ಟರಲ್ಲಿ ಬರೀ ಕಡ್ಡಿ. ನೂರು ಪತಂಗಗಳಿಟ್ಟ ಮೊಟ್ಟೆಯ ಹುಳ ಮೇಯಿಸುವ ಮನೆಯಲ್ಲಿ ಹತ್ತಿರ ಹತ್ತಿರ ಒಂದು ಟನ್ ಸೊಪ್ಪು ಬೇಕಾಗುತ್ತದೆ, ಅದರಲ್ಲಿ ಹೆಚ್ಚಿನದು ಈ ವಾರಕ್ಕೆ. ಮನುಷ್ಯರಲ್ಲಿ ಇದಕ್ಕೆ ಸಮನಾದ ಹಂತ ನಲವತ್ತು ದಾಟಿದ ಮೇಲೆ ಬರುತ್ತದೆ: ಸೈಟು ತೆಗೆದು, ಮನೆ ಮೇಲೆ ಮನೆ ಕಟ್ಟಿ, ಮಗಳಿಗೆ ಇಂಜಿನಿಯರಿಂಗ್ ಸೀಟು ಸಿಕ್ಕಿ, ಸಾಲದ ಕೊನೆ ಕಂತು ಕಟ್ಟಿದ ಗಂಡಸು ನಿಟ್ಟುಸಿರು ಬಿಟ್ಟು ತಟ್ಟೆಯ ಮುಂದೆ ಕೂರುವ ಕಾಲ. ಹುಳವಾದರೆ ಇದಾದ ಮೇಲೆ ಹಣ್ಣಾಗುತ್ತದೆ. ತಿನ್ನುವುದು ನಿಲ್ಲಿಸಿ, ಹೊಟ್ಟೆ ಖಾಲಿ ಮಾಡಿಕೊಂಡು, ಮೈಯೊಳಗೆ ಬೆಳಕು ಹಾಯುವಷ್ಟು ತಿಳಿಯಾಗಿ, ಗೂಡು ಕಟ್ಟಲು ಚಂದ್ರಿಕೆ ಏರುತ್ತದೆ. ಮನುಷ್ಯರಲ್ಲಿ ಈ ಹಂತ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಗೂಡಿನಿಂದ ಹೊರಬಂದ ಪತಂಗಕ್ಕಂತೂ ತಿನ್ನಲು ಬಾಯಿಯೇ ಇರುವುದಿಲ್ಲ. ಇಳಿಸಿದ ತೂಕವನ್ನು ಮತ್ತೆ ಏರದಂತೆ ನೋಡಿಕೊಳ್ಳಲು ಇದಕ್ಕಿಂತ ಖಚಿತವಾದ ವ್ಯವಸ್ಥೆಯನ್ನು ಯಾವ ವಿಜ್ಞಾನಿಯೂ ಕಂಡುಹಿಡಿದಿಲ್ಲ. ಆದರೆ ಹೆಚ್ಚಿನ ಹುಳಗಳು ಅಲ್ಲಿವರೆಗೆ ಬರುವುದಿಲ್ಲ. ಗೂಡು ಕಟ್ಟಿದ ವಾರ ಹತ್ತು ದಿನದೊಳಗೆ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಾಗಿ, ನೂಲು ಬಿಚ್ಚುವ ರೀಲರ್‌ಗಳ ಬಿಸಿನೀರಿಗೆ ಬೀಳುತ್ತವೆ. ಹಾಗಾಗಿ ‘ಜೀವನಪೂರ್ತಿ ಪಾಲಿಸಬಹುದಾದ ಪಥ್ಯ’ ಎಂದು ಯಾರಾದರೂ ಹೇಳಿದಾಗ ನಾನು ಮೊದಲು ಕೇಳುವುದು ಜೀವನ ಎಷ್ಟು ದಿನದ್ದು ಎಂದು. ಮೂವತ್ತು ದಿನದೊಳಗಿನದಾದರೆ ಯಾವ ಪಥ್ಯವಾದರೂ ಸರಿ, ಧೈರ್ಯವಾಗಿ ಹಿಡಿಯಬಹುದು.

ಎಪ್ಪತ್ತು ಎಂಬತ್ತು ವರ್ಷದ ಆಯಸ್ಸಿಟ್ಟುಕೊಂಡವರ ಕಥೆ ಬೇರೆ. ಅವರ ಮೇಲೆ ವಿದೇಶಗಳಲ್ಲಿ ಸಾಕಷ್ಟು ಕೆಲಸ ನಡೆದಿದೆ. ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟೋಫರ್ ಗಾರ್ಡ್‌ನರ್ ಮತ್ತು ಸಂಗಡಿಗರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯಿರುವ ಊಟ, ಇನ್ನೊಂದಕ್ಕೆ ಪಿಷ್ಟ ಕಡಿಮೆಯಿರುವ ಊಟ ಹೇಳಿ, ಒಂದು ವರ್ಷ ಕಾದರು. 2018ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಮೊದಲ ಗುಂಪು ಸರಾಸರಿ 5.3 ಕೆಜಿ, ಎರಡನೆಯದು 6 ಕೆಜಿ ಇಳಿದಿತ್ತು. ಅಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದಕ್ಕೂ ಮೊದಲು, 2005ರಲ್ಲಿ, ಹೆಸರುವಾಸಿಯಾದ ನಾಲ್ಕು ಪಥ್ಯಗಳನ್ನು 160 ಜನರಿಗೆ ಹಂಚಿ ನೋಡಿದ ಇನ್ನೊಂದು ತಂಡಕ್ಕೂ ಇದೇ ತಿಳಿದದ್ದು: ಯಾವುದನ್ನು ಹಿಡಿದರು ಎನ್ನುವುದಕ್ಕಿಂತ ಎಷ್ಟು ಬಿಗಿಯಾಗಿ ಹಿಡಿದರು ಎನ್ನುವುದು ಲೆಕ್ಕಕ್ಕೆ ಬಂತು. ಒಳ್ಳೆಯ ಅಧ್ಯಯನಗಳೇ. ಒಂದು ಕೊರತೆ ಮಾತ್ರ ನನಗೆ ಕಂಡಿದೆ. ಭಾಗವಹಿಸಿದವರ ವಯಸ್ಸು, ಎತ್ತರ, ರಕ್ತ, ವಂಶವಾಹಿ ಎಲ್ಲವನ್ನೂ ವಿಚಾರಿಸಿದ್ದಾರೆ. ಕನಕಪುರದ ಕಡೆ ನೆಂಟರಿದ್ದಾರೆಯೇ ಎಂದು ಯಾರನ್ನೂ ಕೇಳಿಲ್ಲ.

ನಮ್ಮಲ್ಲೂ ಪ್ರಯೋಗಗಳು ನಡೆದಿವೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ದಾಖಲಿಸಿರುವುದು ಅಕ್ಕಿಗೂ ರಾಗಿಗೂ ನೇರ ಹೋಲಿಕೆ. ಯಾರು ಹೆಚ್ಚೆಂದು ಎರಡೂ ಜಗಳಕ್ಕೆ ಬಿದ್ದಾಗ ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದ. ತೆಗೆದು ನೋಡಿದರೆ ಅಕ್ಕಿ ಕೆಟ್ಟಿತ್ತು, ರಾಗಿ ಗಟ್ಟಿಯಾಗಿತ್ತು. ಪ್ರಯೋಗದ ವಿನ್ಯಾಸದಲ್ಲಿ ತಪ್ಪು ಹುಡುಕುವಂತಿಲ್ಲ: ಇಬ್ಬರಿಗೂ ಒಂದೇ ಅವಧಿ, ಒಂದೇ ವಾತಾವರಣ, ಹೊರಗಿನಿಂದ ಹಣಕಾಸಿನ ನೆರವಿಲ್ಲ, ತೀರ್ಪುಗಾರನ ಪ್ರಾಮಾಣಿಕತೆ ಪ್ರಶ್ನಾತೀತ. ಆದರೆ ಸೆರೆಮನೆಯಲ್ಲಿದ್ದದ್ದು ಧಾನ್ಯ, ತಿನ್ನುವವನಲ್ಲ. ಆರು ತಿಂಗಳು ಧಾನ್ಯವನ್ನು ಬೀಗ ಹಾಕಿಟ್ಟರೆ ಮನೆಯವರೆಲ್ಲರ ತೂಕವೂ ಇಳಿಯುತ್ತದೆ ಎಂಬ ಮುಖ್ಯ ಅಂಶ ಆ ಗದ್ದಲದಲ್ಲಿ ಯಾರ ಗಮನಕ್ಕೂ ಬರಲಿಲ್ಲ.

ಅಂದಿನಿಂದ ರಾಗಿ ಗೆದ್ದಂತೆಯೇ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಸಾರಿದ ಮೇಲಂತೂ, ಮೊದಲು ಮುದ್ದೆ ಎಂದರೆ ಮೂಗು ಮುರಿಯುತ್ತಿದ್ದ ಬೆಂಗಳೂರಿನ ಕಂಪನಿಗಳ ಹುಡುಗರು ವಾರದ ಕೊನೆಗೆ ಕಾರು ಹತ್ತಿ ಬಂದು ನಮ್ಮ ಕಡೆ ಮುದ್ದೆ ಹುಡುಕುತ್ತಾರೆ. ತೂಕ ಇಳಿಯಬೇಕಂತೆ. ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನೂರು ಗ್ರಾಂ ರಾಗಿಗೆ 320 ಕ್ಯಾಲೊರಿ, ಪಾಲಿಶ್ ಅಕ್ಕಿಗೆ 356. ನಾರು ರಾಗಿಯಲ್ಲಿ ಹನ್ನೊಂದು ಗ್ರಾಂ, ಅಕ್ಕಿಯಲ್ಲಿ ಮೂರು ಗ್ರಾಂಗೂ ಕಡಿಮೆ. ಸುಣ್ಣದಂಶ ರಾಗಿಯಲ್ಲಿ 364 ಮಿಲಿಗ್ರಾಂ, ಅಕ್ಕಿಯಲ್ಲಿ ಏಳು ಚಿಲ್ಲರೆ. ಮೂಳೆಗೂ ಹೊಟ್ಟೆಗೂ ರಾಗಿ ಒಳ್ಳೆಯದು, ತಕರಾರಿಲ್ಲ. ತೂಕದ ಮಾತಿಗೆ ಬಂದರೆ ಅನ್ನ ಬಿಟ್ಟು ಮುದ್ದೆ ಹಿಡಿದವನಿಗೆ ನೂರು ಗ್ರಾಂಗೆ ಸಿಗುವ ಲಾಭ 36 ಕ್ಯಾಲೊರಿ. ಮುದ್ದೆ ಬಿಸಿಯಾಗಿದೆಯೆಂದು ಮೇಲೆ ಗುಳಿ ಮಾಡಿ ಒಂದು ಚಿಕ್ಕ ಚಮಚ ತುಪ್ಪ ಬಿಟ್ಟರೆ ಆ ಲಾಭ ಅಲ್ಲಿಗೆ ಕರಗಿ, ಮೇಲೆ ಹತ್ತು ಕ್ಯಾಲೊರಿ ಸಾಲ.

ಇನ್ನೊಂದು ಪಟ್ಟಿ ಇದಕ್ಕಿಂತ ಮುಖ್ಯ. ಅದೇ ಸಂಸ್ಥೆಯ 2020ರ ಶಿಫಾರಸಿನ ಪ್ರಕಾರ 65 ಕೆಜಿ ತೂಕದ ಗಂಡಸು ಮೈಮುರಿದು ದುಡಿಯುವವನಾದರೆ ದಿನಕ್ಕೆ 3,470 ಕ್ಯಾಲೊರಿ ಬೇಕು. ಕೂತು ಕೆಲಸ ಮಾಡುವವನಾದರೆ 2,110. ಎರಡರ ನಡುವಿನ 1,360 ಕ್ಯಾಲೊರಿಯನ್ನು ಹಿಟ್ಟಿಗೆ ತಿರುಗಿಸಿದರೆ ನಾನೂರು ಗ್ರಾಂಗೂ ಹೆಚ್ಚು ರಾಗಿ. ಇದು ತಾತನಿಗೂ ಮೊಮ್ಮಗನಿಗೂ ಇರುವ ಅಂತರ. ತಾತ ಕೋಳಿ ಕೂಗೋ ಹೊತ್ತಿಗೆ ನೇಗಿಲು ಹೊತ್ತು ಹೊಲಕ್ಕೆ ಹೋಗಿ, ಬಿಸಿಲೇರಿದ ಮೇಲೆ ತಂಗಳು ಮುದ್ದೆ ಮಜ್ಜಿಗೆ ಉಂಡು, ಮತ್ತೆ ಕುಂಟೆ ಹೊಡೆದು, ರಾತ್ರಿ ಇನ್ನೆರಡು ಮುದ್ದೆ ಇಳಿಸಿ ಒಣಕಲಾಗಿಯೇ ತೀರಿಕೊಂಡ. ಮೊಮ್ಮಗ ಆ ಹೊಲವನ್ನು ಲೇಔಟ್ ಮಾಡಿ ಮಾರಿದ. ನೇಗಿಲನ್ನು ಜಾನಪದ ಲೋಕದ ವಸ್ತುಸಂಗ್ರಹಾಲಯದಲ್ಲಿ ನೋಡಿ ಫೋಟೊ ತೆಗೆಸಿಕೊಂಡ. ಮುದ್ದೆಯೊಂದನ್ನು ಮಾತ್ರ ಪೂರ್ವಿಕರ ನೆನಪಿಗೆಂದು ಉಳಿಸಿಕೊಂಡಿದ್ದಾನೆ, ಅದೇ ಅಳತೆಯಲ್ಲಿ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯನ್ನು ಇಂಥವರು ತಪ್ಪದೆ ಹೇಳುತ್ತಾರೆ. ಇದನ್ನೂ ಪರಿಶೀಲಿಸಿದ್ದೇನೆ. ರಾಮದೇವರ ಬೆಟ್ಟ ಇದ್ದಲ್ಲೇ ಇದೆ. ‘ಶೋಲೆ’ ಚಿತ್ರದಲ್ಲಿ ಕಂಡ ಬಂಡೆಗಳನ್ನು ಈಗಲೂ ಗುರುತು ಹಿಡಿಯಬಹುದು. ಸಾವನದುರ್ಗವೂ ಭದ್ರವಾಗಿದೆ. ಕನಕಪುರದ ಕಡೆ ಕೆಲವು ಬೆಟ್ಟಗಳು ಸವೆದಿರುವುದು ನಿಜ. ಆದರೆ ಅವನ್ನು ಗ್ರಾನೈಟ್ ಯಂತ್ರಗಳು ಕಿತ್ತದ್ದು. ಯಂತ್ರ ಓಡಿಸಿದವರು ಬೆಳಗ್ಗೆ ಏನು ತಿಂದಿದ್ದರೆಂಬ ದಾಖಲೆ ಸಿಕ್ಕಿಲ್ಲ.

ಮುದ್ದೆಯ ಇನ್ನೊಂದು ತೊಡಕು ಅಳತೆ. ಮೊಬೈಲಿನ ಆ್ಯಪ್‌ಗಳಲ್ಲಿ ‘ಮುದ್ದೆ, ಒಂದು’ ಎಂದು ಹಾಕಿದರೆ ಥಟ್ಟನೆ ಒಂದು ಸಂಖ್ಯೆ ಬರುತ್ತದೆ. ಯಾರ ಕೈಯ ಮುದ್ದೆ ಎಂದು ಆ್ಯಪ್ ಕೇಳುವುದಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ಕೊಡುವುದು ನಿಂಬೆಹಣ್ಣಿಗಿಂತ ಚೂರು ದೊಡ್ಡದು. ಹಾರೋಹಳ್ಳಿ ದಾಟಿ ಒಳಗೆ ಹೋದಂತೆ ಅದು ಬೆಳೆಯುತ್ತಾ ಹೋಗುತ್ತದೆ. ಎಸರು ಕುದಿಯುವಾಗ ಹಿಟ್ಟು ಸುರಿದು, ಕವೆಗೋಲಿನಲ್ಲಿ ಮಡಕೆ ಒತ್ತಿ ಹಿಡಿದು, ಗಂಟಿಲ್ಲದಂತೆ ಕೋಲಾಡಿಸಿ, ಒದ್ದೆ ಕೈಯಲ್ಲಿ ಮಣೆ ಮೇಲೆ ಉರುಳಿಸುವ ಹೆಂಗಸಿನ ಅಂಗೈ ಎಷ್ಟಗಲವೋ ಮುದ್ದೆ ಅಷ್ಟು ದಪ್ಪ. ಆಕೆಗೆ ಎದುರಿಗಿರುವವನ ಮೇಲೆ ವಿಶ್ವಾಸವಿದ್ದರೆ ಇನ್ನಷ್ಟು ದಪ್ಪ. ಇದಕ್ಕೆ ಮೆಟ್ರಿಕ್ ಪದ್ಧತಿ ಅನ್ವಯಿಸುವುದಿಲ್ಲ.

ಜಗಿಯುವ ಸಮಸ್ಯೆಯೂ ಇದೆ. ಚೆನ್ನಾಗಿ ಜಗಿದು ನಿಧಾನವಾಗಿ ತಿಂದರೆ ಕಡಿಮೆ ತಿನ್ನುತ್ತೇವೆಂದು ಎಲ್ಲ ಪುಸ್ತಕಗಳಲ್ಲೂ ಬರೆದಿದೆ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಹೊರೇಸ್ ಫ್ಲೆಚರ್ ಎಂಬಾತ ತುತ್ತು ನೀರಾಗುವವರೆಗೆ ಅಗಿಯಬೇಕೆಂದು ಊರೂರು ಸುತ್ತಿ ಉಪನ್ಯಾಸ ಕೊಟ್ಟು ಹೆಸರು ಮಾಡಿದ. ಆತನನ್ನು ಚನ್ನಪಟ್ಟಣಕ್ಕೆ ಕರೆಸಿ ಮುದ್ದೆ ಮುಂದೆ ಕೂರಿಸಿದ್ದರೆ ಜನ ಎದ್ದು ಬೇರೆ ಪಂಕ್ತಿಗೆ ಹೋಗುತ್ತಿದ್ದರು. ಮುದ್ದೆ ಅಗಿಯುವವನನ್ನು ನಮ್ಮ ಕಡೆ ಹೊರಗಿನವನೆಂದೇ ತಿಳಿಯುವುದು. ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗಬೇಕು. ಅಗಿಯಲೇಬೇಕೆಂಬ ಹಟ ಇದ್ದರೆ ಅದಕ್ಕೆ ಮೂಳೆ ಹಾಕಿಸಿಕೊಳ್ಳಬಹುದು ಎಂದು ನಾನು ನನ್ನ ಮಾರ್ಗದರ್ಶಿಯಲ್ಲಿ ತಿದ್ದುಪಡಿ ತಂದಿದ್ದೇನೆ.

ಇನ್ನು ಮದುವೆ ಮುಗಿದ ಮೇಲೆ ಬೀಗರಿಗೆ ಹಾಕುವ ಬಾಡೂಟ, ಅಂದರೆ ಬೀಗರೂಟ. ಈ ನಾಲ್ಕು ತಾಲ್ಲೂಕುಗಳಲ್ಲಿ ಪಥ್ಯ ಹಿಡಿದವರು ಎದುರಿಸಬೇಕಾದ ಪರೀಕ್ಷೆಗಳಲ್ಲಿ ಇದು ಎಲ್ಲಕ್ಕೂ ದೊಡ್ಡದು. ಮದುವೆಯ ಹೋಳಿಗೆ ಊಟದಲ್ಲಿ ತಪ್ಪಿಸಿಕೊಂಡವರೂ ಇಲ್ಲಿ ಸಿಕ್ಕಿಬಿದ್ದಿದ್ದಾರೆ. ನನ್ನ ಬಳಿ ಸಲಹೆ ಪಡೆಯುತ್ತಿದ್ದ ಒಬ್ಬರನ್ನು ಪಕ್ಕದಲ್ಲೇ ಕೂತು ಗಮನಿಸುವ ಅವಕಾಶ ಕನಕಪುರ ರಸ್ತೆಯ ಒಂದು ಕಲ್ಯಾಣ ಮಂಟಪದಲ್ಲಿ ಸಿಕ್ಕಿತು. ಎಲೆಯ ಮೇಲೆ ಮುದ್ದೆ, ಬೋಟಿ ಗೊಜ್ಜು, ಕೈಮಾ ಉಂಡೆ, ಚಾಪ್ಸು, ಅರ್ಧ ಮೊಟ್ಟೆ, ಕಬಾಬು ಬಂದು ಕೂತಿದ್ದವು. ಬಿರಿಯಾನಿ ಇನ್ನೂ ದಾರಿಯಲ್ಲಿತ್ತು. ಒಂದು ಮುದ್ದೆ ಮುಗಿಸಿ ಎಲೆಯ ಮೇಲೆ ಕೈ ಅಡ್ಡ ಹಿಡಿದರು.

“ಹಾಕುಸ್ಕೊಳಿ ಬೀಗ್ರೇ, ಒಂದ್ ಮುದ್ದೇಲಿ ಏನಾದದು?” ಎಂದರು ಬಕೆಟ್ಟು ಹಿಡಿದವರು.

“ಸಾಕು ಕಣಣ್ಣ, ಡಯಟ್‌ನಲ್ಲಿವ್ನಿ.”

“ಯಾಕೆ, ಸಕ್ರೆ ಕಾಯ್ಲೆ ಬಂತಾ? ಎಷ್ಟದೆ?”

“ಸಕ್ರೆ ಗಿಕ್ರೆ ಏನಿಲ್ಲ. ಸುಮ್ನೆ ತೂಕ ಇಳುಸ್ತಾವ್ನಿ.”

“ಸುಮ್ಸುಮ್ನೇನಾ?”

ಪಂಕ್ತಿ ಪೂರ್ತಿ ತಿರುಗಿ ನೋಡಿತು. ಕಾಯಿಲೆ ಇಲ್ಲದೆ ಮುದ್ದೆ ಬೇಡವೆನ್ನುವವನ ಮೇಲೆ ಎರಡು ಅನುಮಾನ ಬರುತ್ತವೆ: ಕಾಯಿಲೆ ಮುಚ್ಚಿಡುತ್ತಿದ್ದಾನೆ, ಇಲ್ಲವೇ ಅಡುಗೆಯಲ್ಲಿ ಐಬು ಕಂಡಿದ್ದಾನೆ. ಎರಡನೆಯದು ಹೆಣ್ಣು ಕೊಟ್ಟವರ ಕಿವಿಗೆ ಬಿದ್ದರೆ ಸಂಬಂಧವೇ ಕೆಡಬಹುದು. “ನಮ್ ಊಟ ಚೆನ್ನಾಗಿರ್ಲಿಲ್ವಾ ಅಣ್ಣ?” ಎಂದು ವಧುವಿನ ಚಿಕ್ಕಪ್ಪ ಬಂದು ಕೈಮುಗಿದು ನಿಂತರು. ನಮ್ಮವರು ಇನ್ನೂ ಎರಡು ಮುದ್ದೆ ಹಾಕಿಸಿಕೊಂಡು ಎರಡು ಮನೆತನಗಳ ಬಾಂಧವ್ಯ ಉಳಿಸಿದರು. ತಿಳಿಸಾರಿಗೆ ಅನ್ನ ಕಲಸಿದ್ದು ಅವರ ಸ್ವಂತ ನಿರ್ಧಾರ, ಅದಕ್ಕೆ ಒತ್ತಾಯವಿರಲಿಲ್ಲ.

ಇಂಥ ಕಡೆ ಡಾಕ್ಟರ ಹೆಸರು ನಡೆಯುವುದಿಲ್ಲ, ದೇವರ ಹೆಸರು ನಡೆಯುತ್ತದೆ. “ಡಾಕ್ಟರು ಬೇಡ ಅಂದವ್ರೆ” ಎಂದರೆ, “ಅಯ್ಯೋ, ಒಂದಿನ ತಿಂದ್ರೆ ಏನೂ ಆಗಾಕಿಲ್ಲ” ಎನ್ನುತ್ತಾರೆ. “ಇವತ್ತು ಶನಿವಾರ, ಮುಟ್ಟಲ್ಲ” ಎಂದರೆ ಕೆನ್ನೆ ಬಡಿದುಕೊಂಡು ಬಕೆಟ್ಟು ಹಿಂದಕ್ಕೆ ಎಳೆಯುತ್ತಾರೆ. ಈ ತತ್ತ್ವದ ಮೇಲೆ ನಾನು ರೂಪಿಸಿರುವುದೇ ಬಹುದೈವ ಪಥ್ಯ. ಸೋಮವಾರಕ್ಕೆ ಶಿವ, ಗುರುವಾರಕ್ಕೆ ರಾಯರು, ಶನಿವಾರಕ್ಕೆ ಕೆಂಗಲ್ ಆಂಜನೇಯಸ್ವಾಮಿ. ವಾರದಲ್ಲಿ ಮೂರು ದಿನ ಭದ್ರವಾಯಿತು. ಹೆಚ್ಚು ದಪ್ಪಗಿರುವವರು ಇನ್ನೆರಡು ದೇವರಿಗೆ ನಡೆದುಕೊಳ್ಳಬಹುದು. ಒಂದೇ ತೊಂದರೆಯೆಂದರೆ ಬೀಗರೂಟವನ್ನು ಸೋಮವಾರ, ಶನಿವಾರ ಯಾರೂ ಇಡುವುದಿಲ್ಲ.

ಒಪ್ಪತ್ತಿನ ಬಗ್ಗೆಯೂ ಒಂದು ಸ್ಪಷ್ಟನೆ ಬೇಕು. ಒಪ್ಪತ್ತಿನ ರಾತ್ರಿ ಅನ್ನ, ಮುದ್ದೆ ಮುಟ್ಟಬಾರದು. ಉಪ್ಪಿಟ್ಟು ಅನ್ನವಲ್ಲ. ಚಪಾತಿ ಗೋಧಿಯದು. ಅವಲಕ್ಕಿ ಹಿಂದೆ ಯಾವಾಗಲೋ ಭತ್ತವಾಗಿತ್ತು, ಈಗಲ್ಲ. ಬಾಳೆಹಣ್ಣಿನ ರಸಾಯನ ಹಣ್ಣು. ದೋಸೆಯ ವಿಷಯದಲ್ಲಿ ತಿಳಿದವರಲ್ಲೇ ಭಿನ್ನಾಭಿಪ್ರಾಯ ಇರುವುದರಿಂದ ನಾಲ್ಕಕ್ಕೆ ನಿಲ್ಲಿಸುವುದು ಕ್ಷೇಮ.

ಯಾವತ್ತಿನಿಂದ ಶುರುಮಾಡಲಿ ಎಂದು ಕೇಳುವವರಿಗೆ ಪಂಚಾಂಗ ಮುಂದಿಟ್ಟುಕೊಂಡೇ ಉತ್ತರ ಹೇಳುತ್ತೇನೆ. ಯುಗಾದಿ ಮುಗಿಯಲಿ ಎಂದರೆ ಮಾರನೇ ದಿನ ಹೊಸತೊಡಕಿನ ಬಾಡೂಟ. ಅದಾದ ಮೇಲೆ ಮಾವು. ನಮ್ಮ ಜಿಲ್ಲೆಯ ಬಾದಾಮಿ, ಸೇಂದೂರ ಕೋಲಾರಕ್ಕಿಂತ ಮೊದಲೇ ಬಂದು ಕೂರುವುದರಿಂದ ನಮಗೆ ಪ್ರಲೋಭನೆಯೂ ಮೊದಲು. ಮದುವೆ ಕಾಲ ಕಳೆದು ಆಷಾಢ ಬಂದರೆ ಕೊಟ್ಟ ಮಗಳು ತವರಿಗೆ ಬರುತ್ತಾಳೆ, ಅವಳ ನೆಪದಲ್ಲಿ ಎಲ್ಲರಿಗೂ ಆರೈಕೆ. ಶ್ರಾವಣದಲ್ಲಿ ಬಾಡಿಲ್ಲ, ಒಬ್ಬಟ್ಟಿದೆ. ಗೌರಿ ಗಣೇಶನಿಗೆ ಕಡುಬು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಟ್ಟದ್ದನ್ನು ಹಿರಿಯರು ತಿನ್ನುವುದಿಲ್ಲ, ಯಾರಾದರೂ ತಿನ್ನಬೇಕು. ದಸರಾ, ದೀಪಾವಳಿ ಹೇಳುವುದೇ ಬೇಡ. ಧನುರ್ಮಾಸದ ಹೊತ್ತಿಗೆ ಮಾಗಡಿ ಅವರೆಕ್ಕಾಯಿ.

ಮಾಗಡಿಯ ಸೊಗಡವರೆ ನನ್ನ ಯೋಜನೆಗೆ ಕೊಟ್ಟಷ್ಟು ಪೆಟ್ಟನ್ನು ಕುರಿ ಕೋಳಿ ಕೊಟ್ಟಿಲ್ಲ. ಕಾಳು ಒಳ್ಳೆಯದು, ಪ್ರೋಟೀನು ಚೆನ್ನಾಗಿದೆ, ಯಾವ ಡಯಟಿಷಿಯನ್ನೂ ಬೇಡವೆನ್ನುವುದಿಲ್ಲ. ಅದಕ್ಕೇ ಅದು ಅಪಾಯ. ರಾತ್ರಿ ನೆನೆಹಾಕಿ, ಬೆಳಗ್ಗೆ ಮನೆಯ ಹೆಂಗಸರೆಲ್ಲ ಸುತ್ತ ಕೂತು ಒಂದೊಂದೇ ಕಾಳನ್ನು ಹೆಬ್ಬೆರಳಿನಲ್ಲಿ ಹಿತಕುತ್ತಾರೆ. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ. ನಾರೆಲ್ಲ ಸಿಪ್ಪೆಯಲ್ಲಿ ಹೋಯಿತು, ಅದು ಎಮ್ಮೆಗೆ. ಬೇಳೆಗೆ ಗಸಗಸೆ, ಕೊಬ್ಬರಿ ರುಬ್ಬಿ ಹಾಕಿ ಕುದಿಸಿದ್ದು ನಮಗೆ. ಫೆಬ್ರವರಿಯಲ್ಲಿ ಮಲಬದ್ಧತೆಯೆಂದು ಔಷಧಿ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ನಾರಿನ ಪುಡಿ ತರುತ್ತೇವೆ. ಎಮ್ಮೆಗೆ ಈ ತೊಂದರೆ ಇದ್ದ ವರದಿ ಇಲ್ಲ.

ಚನ್ನಪಟ್ಟಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಭಾರತೀಯರಿಗೆ ತಜ್ಞರು ಗೊತ್ತುಮಾಡಿರುವ ಸೊಂಟದ ಮಿತಿ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಬಿಎಂಐ 23 ದಾಟಿದರೆ ತೂಕ ಜಾಸ್ತಿ, 25ಕ್ಕೆ ಬೊಜ್ಜು. ಹಾಲೆ ಮರವನ್ನು ಲೇತಿಗೆ ಕೊಟ್ಟು ಅರಗಿನ ಬಣ್ಣ ಹಿಡಿಸಿ ಮಾಡುವ ಚನ್ನಪಟ್ಟಣದ ಗೊಂಬೆಗಳನ್ನು ಈ ಮಾನದಂಡಕ್ಕೆ ಹಿಡಿದು ನೋಡಿದೆ. ಒಂದಕ್ಕೂ ಸೊಂಟವೇ ಇಲ್ಲ. ಉಳಿ ಹಿಡಿದು ಮರ ಕೆತ್ತಿ ಕೆತ್ತಿ ತೂಕ ಇಳಿಸಿದ ಮೇಲೂ ದುಂಡಗೇ ಉಳಿದಿವೆ. ಹಲ್ಲು ಬಾರದ ಮಗುವಿನ ಕೈಗೆ ನಾವು ಕೊಡುವ ಮೊದಲ ಆದರ್ಶ ಮೈಕಟ್ಟು ಇದು.

ಇಷ್ಟರ ನಡುವೆ ಒಂದೇ ಒಂದು ಪ್ರಯತ್ನ ದೊಡ್ಡ ಪ್ರಮಾಣದಲ್ಲಿ ಯಶಸ್ವಿಯಾಗಿರುವುದನ್ನು ಒಪ್ಪಲೇಬೇಕು, ಮತ್ತು ಅದನ್ನು ಮಾಡಿದ್ದು ಆರೋಗ್ಯ ಇಲಾಖೆಯಲ್ಲ, ಹೆದ್ದಾರಿ ಪ್ರಾಧಿಕಾರ. ಬೆಂಗಳೂರಿನಿಂದ ಮೈಸೂರಿಗೆ ಹೋಗುವವರು ಬಿಡದಿಯಲ್ಲಿ ಇಳಿದು ಬೆಣ್ಣೆ ಹಾಕಿದ ತಟ್ಟೆ ಇಡ್ಲಿ, ಜಾನಪದ ಲೋಕದ ಬಳಿ ಜೋಳದ ರೊಟ್ಟಿ, ಗಡಿ ದಾಟಿದ ಕೂಡಲೇ ಮದ್ದೂರು ವಡೆ, ಹೀಗೆ ತಿನ್ನುತ್ತಾ ಮೈಸೂರು ಮುಟ್ಟುವಷ್ಟರಲ್ಲಿ ಮಧ್ಯಾಹ್ನದ ಊಟಕ್ಕೆ ಹಸಿವಿಲ್ಲವೆಂದು ಬೇಸರಪಡುತ್ತಿದ್ದರು. ಯಾವ ಚಾರ್ಟಿಗೂ ಅವರನ್ನು ತಡೆಯಲಾಗಲಿಲ್ಲ. 2023ರ ಮಾರ್ಚ್ 12ರಂದು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಗಿ, ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು ಎಲ್ಲವನ್ನೂ ಬೈಪಾಸ್ ಬಳಸಿಕೊಂಡು ಹೋದ ಮೇಲೆ, ಎರಡೂ ಕಡೆ ಬೇಲಿ ನಡುವೆ ತಟ್ಟೆ ಇಡ್ಲಿಯ ವಾಸನೆಯೂ ತಾಗದೆ ಜನ ಮೈಸೂರು ಸೇರುತ್ತಿದ್ದಾರೆ. ಇಡ್ಲಿ ಬಿಡಿಸಲು ಅಲ್ಲಿ ಯಾರೂ ಉಪದೇಶ ಮಾಡಲಿಲ್ಲ, ಇಳಿಯಲು ದಾರಿ ಕೊಡಲಿಲ್ಲ ಅಷ್ಟೆ. ತೂಕ ಇಳಿಸುವ ಶಾಸ್ತ್ರದಲ್ಲಿ ಇದಕ್ಕೆ ಸಮನಾದ ಸಾಧನೆ ನನಗೆ ತಿಳಿದಿಲ್ಲ. ತೂಕ ಇಳಿದದ್ದರಲ್ಲಿ ಹಳೇ ರಸ್ತೆಯ ಹೋಟೆಲಿನವರ ಗಲ್ಲಾಪೆಟ್ಟಿಗೆಯೂ ಸೇರಿದೆ. ಆ ವರ್ಷ ಆಗಸ್ಟಿನಿಂದ ಬೈಕು, ಆಟೊಗಳನ್ನು ಮುಖ್ಯರಸ್ತೆಗೆ ಬಿಡುವುದು ನಿಂತಿತು. ಹಾಗಾಗಿ ನಾವು ಸ್ಥಳೀಯರು ಇಡ್ಲಿಯ ಮುಂದೆಯೇ ಹಾದುಹೋಗಬೇಕಾಗಿದೆ.

ಇತ್ತೀಚೆಗೆ ಕೆಲವರು ಚುಚ್ಚುಮದ್ದು ಕೇಳಿಕೊಂಡು ಬರುತ್ತಾರೆ. ಮೌಂಜಾರೋ 2025ರ ಮಾರ್ಚಿನಲ್ಲಿ ನಮ್ಮ ದೇಶಕ್ಕೆ ಬಂತು. ಆಮೇಲೆ ಇನ್ನೂ ಬಂದವು. ಹಸಿವನ್ನೇ ಕಡಿಮೆ ಮಾಡುವ ಇವುಗಳಿಂದ ತೂಕ ಇಳಿಯುವುದು ನಿಜ. ಆದರೆ ಇಂಥದೇ ಇನ್ನೊಂದು ಮದ್ದಾದ ಸೆಮಾಗ್ಲುಟೈಡ್ ನಿಲ್ಲಿಸಿದವರನ್ನು ಒಂದು ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಳಿದದ್ದರ ಮೂರರಲ್ಲಿ ಎರಡು ಪಾಲು ವಾಪಸು ಬಂದಿತ್ತು. ಇದರಲ್ಲಿ ಆಶ್ಚರ್ಯವೇನಿಲ್ಲ. ನಮ್ಮ ರಾಮನಗರ ಜಿಲ್ಲೆಯನ್ನೇ ನೋಡಿ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ಬೆಂಗಳೂರನ್ನು ಪೂರ್ತಿ ಕಳಚಿಕೊಂಡು ತೆಳ್ಳಗಾಯಿತು. 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರಿನಲ್ಲಿ ಕಳಚಿದ್ದೆಲ್ಲ ವಾಪಸು ಬಂತು. ಹದಿನೆಂಟು ವರ್ಷ ಹಿಡಿದಿಟ್ಟುಕೊಂಡದ್ದೇ ದೊಡ್ಡದು. ಹೆಚ್ಚಿನವರಿಗೆ ಹದಿನೆಂಟು ವಾರ ಆಗುವುದಿಲ್ಲ.

ಕೊನೆಯದಾಗಿ, ನನ್ನ ಪದ್ಧತಿಯನ್ನು ಒಂದು ದಿನವೂ ಬಿಡದೆ ಮೂರು ತಿಂಗಳು ಪಾಲಿಸಿದ ಐಜೂರಿನ ಸೈಟು ವ್ಯಾಪಾರಿಯೊಬ್ಬರ ವರದಿ. ಶುರುವಿನಲ್ಲಿ ಅವರ ತೂಕ 92 ಕೆಜಿ. ಹುಳದ ಹಾಸಿಗೆ ನೋಡಿಕೊಂಡಂತೆ ಹೊತ್ತುಹೊತ್ತಿನ ಪಟ್ಟಿ ಹಾಕಿಕೊಟ್ಟಿದ್ದೆ. ಬೆಳಗ್ಗೆ ಐದಕ್ಕೆ ನಿಂಬೆ ನೀರು. ಅದನ್ನು ಅವರ ಮನೆಯವರು ನಾಲ್ಕೂಮುಕ್ಕಾಲಿಗೆ ಎದ್ದು ಕಾಯಿಸಿ ಹಾಸಿಗೆಗೆ ತಂದುಕೊಟ್ಟರು. ಒಬ್ಬರೇ ವಾಕಿಂಗ್ ಹೋಗಲು ಬೇಜಾರೆಂದದ್ದರಿಂದ ಬೆಟ್ಟದ ತಪ್ಪಲಿನವರೆಗೆ ಜೊತೆಗೆ ನಡೆದರು. ಬಂದವರೇ ಮೊಳಕೆ ಕಾಳು ಬೇಯಿಸಿ, ಅತ್ತೆ ಮಾವನಿಗೆ ಮೆತ್ತಗೆ ಅನ್ನ, ಮಗನಿಗೆ ಚಪಾತಿ, ಯಜಮಾನರಿಗೆ ಎಂಬತ್ತು ಗ್ರಾಂ ಹಿಟ್ಟು ತೂಗಿ ಬೇರೆ ಮಡಕೆಯಲ್ಲಿ ಪುಟ್ಟ ಮುದ್ದೆ, ಅದಕ್ಕೆ ಎಣ್ಣೆಯಿಲ್ಲದ ಬಸ್ಸಾರು ಮಾಡಿದರು. ಬೆಲ್ಲದ ಡಬ್ಬಿಯನ್ನು ದಿನಕ್ಕೊಂದು ಜಾಗದಲ್ಲಿ ಬಚ್ಚಿಟ್ಟರು. ಆ್ಯಪ್‌ನಲ್ಲಿ ಲೆಕ್ಕ ತುಂಬಿದ್ದೂ ಅವರೇ. ಯಜಮಾನರಿಗೆ ಕನ್ನಡಕ ಹಾಕಿಕೊಳ್ಳುವುದು ತ್ರಾಸ. ಎಲ್ಲರದ್ದೂ ಮುಗಿದು ಅವರು ಊಟಕ್ಕೆ ಕೂರುವ ಹೊತ್ತಿಗೆ ಯಜಮಾನರು ಪುಟ್ಟ ಮುದ್ದೆಯ ಮೇಲೆ ಸಮಾಧಾನವಾಗದೆ ದೊಡ್ಡದನ್ನೂ ಮುಗಿಸಿರುತ್ತಿದ್ದರು.

ಮೂರು ತಿಂಗಳ ಕೊನೆಗೆ ಯಜಮಾನರ ತೂಕ ತೊಂಬತ್ತೊಂದೂವರೆ. ಮನೆಯವರದ್ದು ನಾಲ್ಕು ಕೆಜಿ ಇಳಿದಿತ್ತು. ಆದರೆ ಅವರು ಯೋಜನೆಗೆ ಹೆಸರು ನೋಂದಾಯಿಸಿರಲಿಲ್ಲ, ಫೀಸೂ ಕಟ್ಟಿರಲಿಲ್ಲ. ಆ ನಾಲ್ಕು ಕೆಜಿಯನ್ನು ಫಲಿತಾಂಶದಲ್ಲಿ ಸೇರಿಸಿಲ್ಲ.